ಕೇರಿ ಗೋಡೆಗೆ ಮ್ಯೂರಲ್ ಮಾಡೋಕೆ ಹೋದ್ರೆ ಜನ ಕೆಸರು ತೋರಿಸ್ತಿದಾರೆ, ಏನ್ ಮಾಡ್ಲಿ?

ಗೋಡೆಬಣ್ಣ:
ಫೈನ್ ಆರ್ಟ್ಸ್ ಮುಗಿಸಿದೀನಿ, ಸಣ್ಣದೊಂದು ಗ್ರಾಂಟ್ ಸಿಕ್ಕಿದೆ, ಊರವರ ಜೊತೆ ಸೇರಿ ಕಲೆ ಮಾಡ್ಬೇಕು ಅನ್ನೋದೇ ಕಂಡೀಶನ್. ಪಕ್ಕದೂರಿನ ಕೇರೀಲಿ ಬೋರಿನ ಹಿಂದೆ ಉದ್ದ ಗೋಡೆ ಇದೆ, ಮಕ್ಕಳಿಗಂತೂ ಖುಷಿಯೋ ಖುಷಿ, ಆದ್ರೆ ಏನ್ ಬರೀಲಿ ಅಂತ ಹೆಂಗಸರನ್ನ ಕೇಳಿದ್ರೆ ಒಬ್ಬಜ್ಜಿ ‘ಚಿತ್ರ ಆಮೇಲೆ ಬರಿಯವ್ವಾ, ಮೊದ್ಲು ಈ ಕೆಸರಿಗೊಂದು ದಾರಿ ಮಾಡು’ ಅಂದ್ಬಿಟ್ರು. ಅದು ಪಂಚಾಯ್ತಿ ಕೆಲಸ ಅಲ್ವಾ?

ಅಲೆಮಾರಿ:
ಅಜ್ಜಿ ನಿಮಗೆ ಪ್ರಾಜೆಕ್ಟೇ ಕೊಟ್ಟಿದಾರೆ ಕಣ್ರೀ! ಛತ್ತೀಸ್‌ಗಢದ ಬಸ್ತರ್‌ನ ಕೊಂಡಗಾಂವ್‌ನಲ್ಲಿ ನವಜೋತ್ ಅಲ್ತಾಫ್ ಮಾಡಿದ ‘ನಲ್ಪಾರ್’ ಅನ್ನೋ ಹ್ಯಾಂಡ್‌ಪಂಪ್ ಕಟ್ಟೆಗಳನ್ನ ನೋಡಿ. ಮುಂಬೈ ಕಲಾವಿದೆ, 90ರ ದಶಕದ ಕೊನೆಯಿಂದ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ಕೆಲಸ ಮಾಡ್ತಾ ಬಂದವರು. ಶಾಂತಿಬಾಯಿ, ರಾಜ್‌ಕುಮಾರ್, ಗೆಸ್ಸೂರಾಮ್ ಅಂತ ಅವರ ಹೆಸರೂ ಜೊತೇಲೇ ಬರುತ್ತೆ. ಹ್ಯಾಂಡ್‌ಪಂಪ್ ಸುತ್ತ ಕಟ್ಟೆ ಕಟ್ಟಿ, ಕೊಡ ಇಟ್ಟು ಆಮೇಲೆ ತಲೆಗೆ ಏರಿಸ್ಕೊಳ್ಳೋಕೆ ಎತ್ತರದಲ್ಲಿ ಜಾಗ ಮಾಡಿದ್ರು. ನೆಲದಿಂದ ತುಂಬಿದ ಕೊಡ ಎತ್ತೋದು ಸೊಂಟಕ್ಕೆ ಎಷ್ಟು ಕಷ್ಟ ಅಂತ ಎತ್ತಿದವರಿಗೇ ಗೊತ್ತು. ಅದೇ ಅಲ್ಲಿ ಶಿಲ್ಪ.

ಧಾರವಾಡದಾಂವ:
ಎಲ್ಲಾ ಖರೆ, ಆದ್ರ ರೊಕ್ಕದ ಮಾತು ಮೊದಲ ಆಡ್ರಿ. ಕೇರಿ ಮಂದಿ ಕೂಲಿ ಬಿಟ್ಟು ಬಂದು ದುಡೀಬೇಕು, ಫೋಟೋದಾಗ ಮಾತ್ರ ಆರ್ಟಿಸ್ಟ್ ಹೆಸರು, ಇದನ್ನ ಭಾಳ ನೋಡೇವಿ. ಬೆಂಗಳೂರಾಗ 2016ರಾಗ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್‌ನಾಗ ಟ್ರಾನ್ಸ್ ಹೆಣ್ಣುಮಕ್ಕಳ ಕೈಯಾಗ ಬ್ರಷ್ ಐತಿ, ಕೆಲಸ ಇಡೀ ಗುಂಪಿನ ಹೆಸರಿನಾಗ ಹೊರಗ ಬರ್ತದ, ಇಟಲಿಯ ದೊಡ್ಡ ಕಲಾ ಪ್ರದರ್ಶನ, 2024ರ ವೆನಿಸ್ ಬಿಯೆನಾಲೆಗೂ ಹಂಗ ಹೋತು. ನಿಮ್ಮ ಗೋಡಿ ಮ್ಯಾಲೂ ಗಾರೆಯವನ ಹೆಸರು ಬರೀರಿ.

ಅಲೆಮಾರಿ:
+1. ಮತ್ತೆ ಆ ಕೇರೀಲೇ ಗಾರೆ ಕೆಲಸದವರು ಇದ್ದೇ ಇರ್ತಾರೆ, ನೀರು ಯಾವ ಕಡೆ ಇಳಿಯುತ್ತೆ ಅಂತ ನಿಮಗಿಂತ ಅವರಿಗೆ ಚೆನ್ನಾಗ್ ಗೊತ್ತು. ಪಿಡಿಒ ಹತ್ರ ಒಪ್ಪಿಗೆ ಬರವಣಿಗೇಲೇ ತಗೊಳ್ಳಿ, ಇಲ್ಲಾಂದ್ರೆ ನಾಳೆ ಪೈಪ್ ಹಾಕ್ತೀವಿ ಅಂತ ಒಡೆದು ಹೋಗ್ತಾರೆ.

ಗೋಡೆಬಣ್ಣ:
ಥ್ಯಾಂಕ್ಸ್ ಇಬ್ರಿಗೂ. ಬಜೆಟ್‌ನಲ್ಲಿ ಕೂಲಿ ಅಂತ ಹೆಡ್ಡೇ ಇಲ್ಲ, ಬಣ್ಣ, ಬ್ರಷ್, ಓಡಾಟ ಅಷ್ಟೇ. ಮೆಟೀರಿಯಲ್ ಅಂತ ತೋರಿಸಿದ್ರೆ ನಡೆಯುತ್ತಾ?

ಧಾರವಾಡದಾಂವ:
ಬ್ಯಾಡ್ರಿ, ಆಡಿಟ್‌ನಾಗ ಸಿಕ್ಕೊಂತೀರಿ. ಈಗ ಮೇಲ್ ಹಾಕಿ ಹೆಡ್ ಬದಲ್ ಮಾಡಿಸ್ಕೋರಿ, ಅಜ್ಜಿ ಮಾತನ್ನೂ ಅದರಾಗ ಹಂಗ ಬರೀರಿ.