ಏರ್‌ಲಿಫ್ಟ್ ಮಾಡಿದ ನಾಲ್ಕನೇ ದಿನಕ್ಕೇ ಚರ್ಮದ ಮಾದರಿ ಒದ್ದೆ: ಭಾರತೀಯ ದಾನಿಯ ಸೆಟ್‌ನಲ್ಲಿ ಮಾತ್ರ ಯಾಕೆ?

ಕೋಶಪ್ರಿಯ (ಸಿಂಗಪುರ)

ಎಲ್ಲರಿಗೂ ನಮಸ್ಕಾರ. ಇಲ್ಲಿನ ಒಂದು ಪ್ರಯೋಗಾಲಯದಲ್ಲಿ ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಚೀನೀ, ಮಲಯ, ಭಾರತೀಯ ಮೂಲದ ದಾನಿಗಳ ಕೋಶಗಳಿಂದ ಹೊರಚರ್ಮ ಬೆಳೆಸಿ ಹೋಲಿಸುವುದು ನನ್ನ ಕೆಲಸ. 0.4 ಮೈಕ್ರಾನ್ ರಂಧ್ರದ ಪಾಲಿಕಾರ್ಬೊನೇಟ್ ಇನ್ಸರ್ಟ್ (ತಳದಲ್ಲಿ ತೆಳು ಪೊರೆ ಇರುವ ಪುಟ್ಟ ಬಟ್ಟಲು), ಹತ್ತು ಕೆರಟಿನೋಸೈಟ್‌ಗೆ (ಹೊರಚರ್ಮ ಕಟ್ಟುವ ಕೋಶ) ಒಂದು ಮೆಲನೋಸೈಟ್ (ಬಣ್ಣ ತಯಾರಿಸುವ ಕೋಶ), ಮೂರನೇ ದಿನ ಏರ್‌ಲಿಫ್ಟ್, ಅಂದರೆ ಮೇಲಿನ ಪೋಷಕ ದ್ರವ (ಮೀಡಿಯಂ) ತೆಗೆದು ಕೋಶಗಳ ಮೇಲ್ಮೈಯನ್ನು ಗಾಳಿಗೆ ಒಡ್ಡುವುದು. ಆಮೇಲೆ 1.5 ಮಿಲಿಮೋಲಾರ್ ಕ್ಯಾಲ್ಸಿಯಂ ಇರುವ ಮೀಡಿಯಂ, ಜೊತೆಗೆ ವಿಟಮಿನ್ ಸಿ ಮಿಲಿಲೀಟರಿಗೆ 50 ಮೈಕ್ರೊಗ್ರಾಂ.

ಚೀನೀ, ಮಲಯ ಸೆಟ್‌ಗಳು ಚೆನ್ನಾಗಿ ಬರುತ್ತಿವೆ. ಭಾರತೀಯ ಸೆಟ್ ಮಾತ್ರ ನಾಲ್ಕನೇ ದಿನಕ್ಕೆ ಒದ್ದೆಯಾಗುತ್ತದೆ, ಕೆಳಗಿನ ಮೀಡಿಯಂ ಮೇಲಕ್ಕೆ ಒಸರಿ ನಿಲ್ಲುತ್ತದೆ. ಸೆಕ್ಷನ್ ತೆಗೆದು ನೋಡಿದರೆ ಬರೀ ಎರಡು-ಮೂರು ಪದರ. ಮೇಲ್ಪದರದಲ್ಲೂ ಕೋಶಕೇಂದ್ರಗಳು ಹಾಗೇ ಉಳಿದಿವೆ. ಮೂರು ಸಲ ಮಾಡಿದೆ, ಮೂರು ಸಲವೂ ಇದೇ. ಭಾರತೀಯ ಚರ್ಮದ ತಡೆಗೋಡೆಯೇ ದುರ್ಬಲ ಅಂತ ವರದಿಯಲ್ಲಿ ಬರೆಯಬಹುದಾ? ಮುಂದಿನ ತಿಂಗಳು ಲ್ಯಾಬ್ ಮೀಟಿಂಗ್ ಇದೆ.

ಹಳೇಬೇರು

ದಯವಿಟ್ಟು ಹಾಗೆ ಬರೆಯಬೇಡಿ. ಮೊದಲು ಇಷ್ಟು ಹೇಳಿ: ಮೂರೂ ದಾನಿಗಳ ವಯಸ್ಸು, ಚರ್ಮ ದೇಹದ ಯಾವ ಭಾಗದ್ದು, ಎಷ್ಟನೇ ಪ್ಯಾಸೇಜ್‌ನ, ಅಂದರೆ ಎಷ್ಟು ಸಲ ಬಿಡಿಸಿ ಮತ್ತೆ ಬೆಳೆಸಿದ ಕೋಶ ಹಾಕಿದಿರಿ?

ಕೋಶಪ್ರಿಯ

ಹೆಪ್ಪುಗಟ್ಟಿಸಿಟ್ಟ ಕೋಶಗಳ ವಯಲ್‌ಗಳ ದಾಖಲೆ ನೋಡಿ ಬರೆಯುತ್ತಿದ್ದೇನೆ ಸರ್.
ಮಲಯ: ಚಿಕ್ಕ ಹುಡುಗನ ಸುನ್ನತಿಯಲ್ಲಿ ತೆಗೆದ ಚರ್ಮ, ಪ್ಯಾಸೇಜ್ 2.
ಚೀನೀ: 29 ವರ್ಷದ ಮಹಿಳೆ, ಸ್ತನ ಶಸ್ತ್ರಚಿಕಿತ್ಸೆಯಲ್ಲಿ ಉಳಿದ ಚರ್ಮ, ಪ್ಯಾಸೇಜ್ 2.
ಭಾರತೀಯ: 58 ವರ್ಷದವರು, ಹೊಟ್ಟೆಯ ಚರ್ಮ, ಪ್ಯಾಸೇಜ್ 4.

ಹಳೇಬೇರು

ಉತ್ತರ ಈ ಮೂರು ಸಾಲಿನಲ್ಲೇ ಇದೆ. ನೀವು ಹೋಲಿಸಿದ್ದು ಮೂರು ಜನಾಂಗಗಳನ್ನಲ್ಲ. ಒಂದು ಮಗು, ಒಬ್ಬ ಯುವತಿ, ಅರವತ್ತರ ಹತ್ತಿರದ ಒಬ್ಬರು. ಮೂವರದ್ದೂ ದೇಹದ ಬೇರೆ ಬೇರೆ ಜಾಗ. ಸಾಲದ್ದಕ್ಕೆ ಕೊನೆಯವರ ಕೋಶಗಳನ್ನು ಎರಡು ಸಲ ಹೆಚ್ಚಿಗೆ ಬಿಡಿಸಿ ಬೆಳೆಸಿದ್ದೀರಿ.

ಕೆರಟಿನೋಸೈಟ್‌ಗಳಲ್ಲಿ ಎಲ್ಲವೂ ಒಂದೇ ಶಕ್ತಿಯವಲ್ಲ. 1987ರಲ್ಲಿ ಬರಾಂಡೋನ್ ಮತ್ತು ಗ್ರೀನ್ ಒಂದೊಂದೇ ಕೋಶವನ್ನು ಬೇರ್ಪಡಿಸಿ ಬೆಳೆಸಿ ಮೂರು ಬಗೆ ಗುರುತಿಸಿದರು. ಹೋಲೋಕ್ಲೋನ್ ತುಂಬಾ ಕಾಲ ಬೆಳೆಯುತ್ತದೆ, ಪ್ಯಾರಾಕ್ಲೋನ್ ಕೆಲವೇ ಸಲ ವಿಭಜಿಸಿ ನಿಂತುಬಿಡುತ್ತದೆ, ಮೆರೋಕ್ಲೋನ್ ಇವೆರಡರ ನಡುವಿನದು. ದಾನಿಯ ವಯಸ್ಸು ಏರಿದಷ್ಟೂ, ಡಿಶ್‌ನಲ್ಲಿ ಪ್ಯಾಸೇಜ್ ಏರಿದಷ್ಟೂ ನಿಂತುಹೋಗುವ ಬಗೆಯೇ ಜಾಸ್ತಿ. ಬಿತ್ತುವಾಗ ಎಣಿಕೆ ಸರಿಯಾಗಿಯೇ ಕಾಣುತ್ತದೆ, ಸತ್ತ ಕೋಶಕ್ಕೆ ಮಾತ್ರ ಹತ್ತುವ ಟ್ರಿಪಾನ್ ಬ್ಲೂ ಬಣ್ಣ ಕೂಡ ಜೀವಂತ ಅನ್ನುತ್ತದೆ. ಆದರೆ ಅವುಗಳಿಗೆ ಪದರ ಕಟ್ಟುವ ಕಸುವು ಇರುವುದಿಲ್ಲ. ಪೊರೆಯ ಅಂಚಿನಲ್ಲಿ ಸಂದು ಉಳಿಯುತ್ತದೆ, ಅಲ್ಲಿಂದಲೇ ಒಸರುವುದು.

ಈಗ ಮಾಡಬೇಕಾದದ್ದು. ಅದೇ ಭಾರತೀಯ ದಾನಿಯ ಪ್ಯಾಸೇಜ್ 2 ವಯಲ್ ಇದ್ದರೆ ಅದನ್ನು ಕರಗಿಸಿ. ಜೊತೆಗೆ ವಯಸ್ಸಾದ ಚೀನೀ ದಾನಿಯೊಬ್ಬರ ಹೊಟ್ಟೆಯ ಚರ್ಮದ ಕೋಶಗಳನ್ನು ಬೇಕೆಂದೇ ಪ್ಯಾಸೇಜ್ 4ರವರೆಗೆ ಒಯ್ದು ಒಟ್ಟಿಗೆ ಬಿತ್ತಿ. ಈ ಜೋಡಿ ಇಲ್ಲದೆ ನಿಮ್ಮ ಪ್ರಶ್ನೆಗೆ ಉತ್ತರವೇ ಸಿಗುವುದಿಲ್ಲ.

ಮೀನಾಕ್ಷಿ_ಹಿಸ್ಟೋ (ಬೆಂಗಳೂರು)

ಸರ್ ಹೇಳಿದ್ದರ ಜೊತೆಗೆ ಕೈಕೆಲಸದ ಒಂದೆರಡು ವಿಷಯ. ಏರ್‌ಲಿಫ್ಟ್ ಅನ್ನು ಮೂರನೇ ದಿನಕ್ಕೇ ಅಂತ ಕ್ಯಾಲೆಂಡರ್ ನೋಡಿ ಮಾಡಬೇಡಿ. ಮೈಕ್ರೊಸ್ಕೋಪ್‌ನಲ್ಲಿ ಅಂಚಿನವರೆಗೂ ಕೋಶಗಳು ಒತ್ತಾಗಿ ತುಂಬಿದ ಮೇಲೆಯೇ ಮೇಲಿನ ಮೀಡಿಯಂ ತೆಗೆಯಿರಿ. ಕೆಳಗಿನ ಮೀಡಿಯಂ ಪೊರೆಯ ತಳ ಮುಟ್ಟಿದರೆ ಸಾಕು. ಅದಕ್ಕಿಂತ ಮೇಲೆ ಹೋದರೆ ಅದರ ಒತ್ತಡವೇ ದ್ರವವನ್ನು ಮೇಲಕ್ಕೆ ತಳ್ಳುತ್ತದೆ. ಕೋಶ ಕರಗಿಸುವಾಗ ಅವು ಸಾಯದಂತೆ ಕಾಯುವ ವೈ-27632 ರಾಸಾಯನಿಕ ಹಾಕಿದ್ದರೆ ಏರ್‌ಲಿಫ್ಟ್‌ಗೆ ಮುಂಚೆ ತೊಳೆದು ತೆಗೆಯಿರಿ. ಮೈಕೊಪ್ಲಾಸ್ಮಾ (ಕೋಶಗಳಿಗೆ ಕಣ್ಣಿಗೆ ಕಾಣದೆ ಹತ್ತುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿದ್ದೀರಾ?

ಇನ್ನೊಂದು ಮಾತು ಕೇಳಲೇಬೇಕು ಅನ್ನಿಸಿತು. ‘ಭಾರತೀಯ’ ಅಂತ ಒಂದೇ ಚೀಟಿ ಅಂಟಿಸಿದ್ದೀರಲ್ಲ, ಆ ದಾನಿಯ ಬಣ್ಣ ಅಳೆದಿದ್ದೀರಾ? ನಮ್ಮ ಮನೆಯಲ್ಲೇ ಅಣ್ಣ ಗೋಧಿಬಣ್ಣ, ನಾನು ಎಣ್ಣೆಗಪ್ಪು. ಒಂದೇ ಅಪ್ಪ-ಅಮ್ಮನ ಮಕ್ಕಳಲ್ಲೇ ಇಷ್ಟು ವ್ಯತ್ಯಾಸ ಇರುವಾಗ ಪಾಸ್‌ಪೋರ್ಟ್ ನೋಡಿ ಬಣ್ಣ ಹೇಳಲಾಗದು. ಚರ್ಮ ಬಂದ ದಿನವೇ ಕಲರಿಮೀಟರ್‌ನಲ್ಲಿ ಅಳೆದು ಐಟಿಎ ಕೋನ (ಚರ್ಮದ ಬಣ್ಣದ ಅಳತೆ, ಕಡಿಮೆಯಾದಷ್ಟೂ ಬಣ್ಣ ಗಾಢ) ಬರೆದಿಡಿ. 28ರಿಂದ 41 ಡಿಗ್ರಿ ಮಧ್ಯಮ, 10ರಿಂದ 28 ಕಂದುಛಾಯೆ, 10ಕ್ಕಿಂತ ಕೆಳಗೆ ಮೈನಸ್ 30ರವರೆಗೆ ಕಂದು.

ಕೋಶಪ್ರಿಯ

ಮೈಕೊಪ್ಲಾಸ್ಮಾ ಇಲ್ಲ ಮೇಡಂ. ಐಟಿಎ ಅಳೆದಿರಲಿಲ್ಲ. ಪ್ಯಾಸೇಜ್ 2ರ ಎರಡು ವಯಲ್ ಸಿಕ್ಕಿವೆ, ಇವತ್ತೇ ಕರಗಿಸುತ್ತೇನೆ.

ಇನ್ನೊಂದು ಅನುಮಾನ: ಭಾರತೀಯ ಸೆಟ್‌ನಲ್ಲಿ ಬಣ್ಣ ಜಾಸ್ತಿ, ಹಾಗಾಗಿ ಮೆಲನೋಸೈಟ್‌ಗಳ ಸಂಖ್ಯೆ ಕಡಿಮೆ ಮಾಡಲಾ? ಎಂಟಿಟಿ ಪರೀಕ್ಷೆಯ (ಜೀವಂತ ಕೋಶಗಳು ಉಂಟುಮಾಡುವ ಬಣ್ಣ ಅಳೆಯುವುದು) ಓದು ಕೂಡ ಅದರಲ್ಲಿ ಅಸ್ಥಿರ.

ಹಳೇಬೇರು

ಬೇಡ. ಕಪ್ಪು ಚರ್ಮದಲ್ಲೂ ಬಿಳಿ ಚರ್ಮದಲ್ಲೂ ಮೆಲನೋಸೈಟ್‌ಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಮೆಲನೋಸೋಮ್‌ಗಳಲ್ಲಿ, ಅಂದರೆ ಮೆಲನಿನ್ ಎಂಬ ಬಣ್ಣ ತುಂಬಿದ ಸಣ್ಣ ಚೀಲಗಳಲ್ಲಿ. ಕಪ್ಪು ಚರ್ಮದಲ್ಲಿ ಅವು ದೊಡ್ಡವು, ಒಂಟೊಂಟಿಯಾಗಿ ಹರಡಿರುತ್ತವೆ. ತಿಳಿ ಚರ್ಮದಲ್ಲಿ ಸಣ್ಣವು, ಗುಂಪು ಕಟ್ಟಿಕೊಂಡಿರುತ್ತವೆ. ಅನುಪಾತ ಬದಲಿಸಿದರೆ ನೀವು ನೋಡಬೇಕೆಂದಿರುವ ಭೇದವನ್ನು ನೀವೇ ಅಳಿಸಿದಂತೆ. ಮೆಲನಿನ್ ತೋರಿಸುವ ಫೋಂಟಾನಾ-ಮ್ಯಾಸನ್ ಬಣ್ಣ ಹಾಕಿ ಹಂಚಿಕೆ ಗಮನಿಸಿ.

ಎಂಟಿಟಿಗೆ ಉಪಾಯ ಸುಲಭ. ಪ್ರತಿ ದಾನಿಯ ಒಂದು ತುಂಡನ್ನು ಎಂಟಿಟಿ ಹಾಕದೆ ಐಸೊಪ್ರೊಪನಾಲ್‌ನಲ್ಲಿ ನೆನೆಸಿ, ಅದನ್ನೂ 570 ನ್ಯಾನೋಮೀಟರ್‌ನಲ್ಲಿ ಓದಿ, ಬಂದದ್ದನ್ನು ಕಳೆಯಿರಿ. ಬಣ್ಣದ ರಾಸಾಯನಿಕಗಳನ್ನು ಪರೀಕ್ಷಿಸುವಾಗ ಒಇಸಿಡಿ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ 439ನೇ ಮಾರ್ಗಸೂಚಿ ಕೇಳುವ ನಿಯಂತ್ರಣದ ತರ್ಕವೂ ಇದೇ. ಆ ಪರೀಕ್ಷೆಯಲ್ಲಿ ಕೋಶಗಳ ಜೀವಂತಿಕೆ ಶೇ. 50ಕ್ಕಿಂತ ಮೇಲೋ ಕೆಳಗೋ ಎಂಬುದರ ಮೇಲೆ ಒಂದು ವಸ್ತು ಚರ್ಮಕ್ಕೆ ಉರಿ ತರುತ್ತದೋ ಇಲ್ಲವೋ ಅಂತ ತೀರ್ಮಾನ. ಮೆಲನಿನ್ ತಂದ ಸುಳ್ಳು ಓದು ಸೇರಿಕೊಂಡರೆ ಉರಿ ತರುವ ವಸ್ತುವೂ ನಿರಪಾಯ ಅನ್ನಿಸಿಕೊಳ್ಳಬಹುದು, ಅದೂ ಕಪ್ಪು ಚರ್ಮದವರ ಪಾಲಿಗೆ ಮಾತ್ರ. ಭಾರತದಲ್ಲಿ ಸೌಂದರ್ಯವರ್ಧಕಗಳಿಗೆ ಪ್ರಾಣಿ ಪರೀಕ್ಷೆ 2014ರಲ್ಲೇ ನಿಷೇಧವಾಗಿದೆ. ಈಗ ನಂಬಬೇಕಾದದ್ದು ಇಂಥ ಮಾದರಿಗಳನ್ನೇ.

ಕೋಶಪ್ರಿಯ (ನಾಲ್ಕು ವಾರದ ನಂತರ)

ಫಲಿತಾಂಶ ಬಂತು. ಅದೇ ಭಾರತೀಯ ದಾನಿಯ ಪ್ಯಾಸೇಜ್ 2 ಕೋಶಗಳು, ಅಂಚು ತುಂಬುವವರೆಗೆ ಕಾದು ಐದನೇ ದಿನ ಏರ್‌ಲಿಫ್ಟ್: ಹದಿನಾಲ್ಕು ದಿನವೂ ಮೇಲ್ಮೈ ಒಣಗಿಯೇ ಇತ್ತು. ಸೆಕ್ಷನ್‌ನಲ್ಲಿ ಎಂಟು ಪದರ, ಮೇಲೆ ಬುಟ್ಟಿ ಹೆಣೆದಂಥ ಕೊಂಬುಪದರ (ಸತ್ತ ಕೋಶಗಳ ಗಟ್ಟಿ ಹೊರಪದರ). ಇನ್ನೊಂದು ಕಡೆ, 61 ವರ್ಷದ ಚೀನೀ ದಾನಿಯ ಪ್ಯಾಸೇಜ್ 4 ಕೋಶಗಳನ್ನೂ ಹಾಗೇ ಕಾದು ಏರ್‌ಲಿಫ್ಟ್ ಮಾಡಿದರೂ, ಅದಾದ ಐದನೇ ದಿನ ಒಸರಿತು. ನೋಡಿ ಎದೆ ಝಲ್ಲೆಂದಿತು. ತಪ್ಪು ವಾಕ್ಯ ವರದಿಗೆ ಸೇರಿಬಿಡುತ್ತಿತ್ತು.

ಎಂಟಿಟಿ ಹಾಕದ ತುಂಡಿನ ಓದು ಕಳೆದ ಮೇಲೆ ಮೂರೂ ಸೆಟ್‌ಗಳ ಅಂಕಿಗಳು ಹತ್ತಿರ ಬಂದಿವೆ.

ಹಳೇಬೇರು

ಸಂತೋಷ ಆಯಿತು. ಆದರೆ ಇನ್ನೂ ಮೂಲಕ್ಕೆ ಒಬ್ಬಿಬ್ಬರೇ ದಾನಿ. ಪ್ರತಿ ಗುಂಪಿಗೆ ಕನಿಷ್ಠ ಮೂವರು ಬೇಕು, ವಯಸ್ಸು ಮತ್ತು ದೇಹದ ಭಾಗ ಹೊಂದಿಸಿಕೊಂಡು. ಕೋಶ ಬ್ಯಾಂಕಿನ ಪಟ್ಟಿಯಲ್ಲಿ ಹೊಟ್ಟೆಯ ಚರ್ಮ ಯಾರ ಯಾರದು ಇದೆ ನೋಡಿ, ಮಕ್ಕಳ ವಯಲ್‌ಗಳನ್ನು ಈ ಹೋಲಿಕೆಯಿಂದ ಬಿಡಿ.

ಕೋಶಪ್ರಿಯ

ಆಗಲಿ ಸರ್. 50ರಿಂದ 60ರೊಳಗಿನ ಮಲಯ ದಾನಿ ಒಬ್ಬರೇ ಇದ್ದಾರೆ, ಇನ್ನಿಬ್ಬರಿಗಾಗಿ ಆಸ್ಪತ್ರೆಗೆ ಇವತ್ತು ಪತ್ರ ಬರೆದೆ.