ಬಚ್ಚಲು ಬಾಗಿಲ ಕಣಜ

ಕಣಜವಿರುವ ಮನೆ ಎಂದರೆ ಹಿಂದಿನವರ ಲೆಕ್ಕದಲ್ಲಿ ಭತ್ತ ತುಂಬಿದ ಮನೆ. ತೀರ್ಥಹಳ್ಳಿ ಸೀಮೆಯ ನಮ್ಮ ಗದ್ದೆಗಳೆಲ್ಲ ಅಡಿಕೆ ತೋಟಗಳಾದ ಮೇಲೆ ಆ ಕಣಜ ಬರಿದಾಗಿ, ಈಗ ಹೇಳಿಕೊಳ್ಳಲು ಉಳಿದಿರುವುದು ಬಚ್ಚಲುಮನೆಯ ಸೂರಿಗೆ ಜೋತುಬಿದ್ದಿರುವ ಹುಳುವಿನ ಕಣಜವೊಂದೇ. ಹಳೆಯ ಪತ್ರಿಕೆಯನ್ನು ನೆನೆಸಿ ಒಣಗಿಸಿದಂತಹ ಬೂದುಬಣ್ಣದ ಗೂಡು ಒಂದು ತೆಳ್ಳನೆಯ ತೊಟ್ಟಿನ ಮೇಲೆ ನೇತಾಡುತ್ತಿದೆ. ಹೊಟ್ಟೆಗೆ ಹಳದಿ ಪಟ್ಟಿ ಬಿಗಿದುಕೊಂಡ ಕೆಂಗಂದು ಹುಳುಗಳು, ನಾವು ಬಾಗಿಲು ತುಸು ಜೋರಾಗಿ ಎಳೆದರೂ ಸಾಕು, ಒಟ್ಟಿಗೇ ರೆಕ್ಕೆಯೆತ್ತಿ ನಮ್ಮತ್ತ ತಿರುಗುತ್ತವೆ. ತಂಬಿಗೆ ಹಿಡಿದು ಸ್ನಾನಕ್ಕೆ ಹೊರಟವನಿಗೆ ಇದಕ್ಕಿಂತ ದೊಡ್ಡ ತಪಾಸಣಾ ಠಾಣೆ ಬೇಕಿಲ್ಲ.

ಸಂಜೆ ಜಗಲಿಯಲ್ಲಿ ಕಷಾಯದ ಲೋಟಗಳು ಬರುವಷ್ಟರಲ್ಲಿ ವಿಷಯ ಕಾವೇರಿತ್ತು.

“ಇದಕ್ಕೆ ಸಭೆ ಯಾಕೆ ಮಾರಾಯರೆ? ಉದ್ದನೆಯ ಬಿದಿರಿಗೆ ಗೋಣಿ ಸುತ್ತಿ, ಸೀಮೆಎಣ್ಣೆಯಲ್ಲಿ ಅದ್ದಿ, ದೊಂದಿ ಹಚ್ಚಿ ಹಿಡಿದರೆ ಒಂದೂ ಉಳಿಯುವುದಿಲ್ಲ,” ಎಂದರು ಪಕ್ಕದ ತೋಟದ ಗೌಡರು.

“ನಿಮ್ಮ ಕೊಟ್ಟಿಗೆಯಲ್ಲಿ ಹೋದ ವರ್ಷ ಹಾಗೆಯೇ ಹಿಡಿದಿರಲ್ಲ ಗೌಡರೆ,” ಎಂದು ಮೆಟ್ಟಿಲ ಮೇಲೆ ಕುಳಿತಿದ್ದ, ಮರ ಹತ್ತಿ ಅಡಿಕೆ ಗೊನೆ ಕೊಯ್ಯುವ ಕೊನೆಗಾರ ನೆನಪಿಸಿದ. “ಅರ್ಧ ಸೋಗೆ ಸುಟ್ಟುಹೋಯಿತು; ಕಣಜಗಳು ಉಳಿದರ್ಧಕ್ಕೆ ಬಂದು ಕುಳಿತವು.”

ಕೊನೆಗಾರನ ಮಾತಿಗೆ ಇಲ್ಲಿ ಹೆಚ್ಚಿನ ತೂಕವಿದೆ. ಅಡಿಕೆ ಮರದ ತುದಿಯಲ್ಲಿ ಕೊನೆಯ ಸಂದಿನಿಂದ ಕಣಜ ಎದ್ದರೆ ಓಡುವುದಕ್ಕೆ ಅವನಿಗೆ ನೆಲವೇ ಇರುವುದಿಲ್ಲ. ಆದ್ದರಿಂದ ಹತ್ತುವ ಮೊದಲು ಮರವನ್ನು ಬಡಿದು, ಮೇಲೆ ನೋಡಿ, ಏನೂ ಏಳಲಿಲ್ಲವೆಂದು ಖಾತ್ರಿಯಾದ ಮೇಲೆಯೇ ಅವನು ಕಾಲಿಗೆ ತಳೆ ಹಾಕುತ್ತಾನೆ.

ನಿವೃತ್ತ ಮೇಷ್ಟರು ಗಂಟಲು ಸರಿಮಾಡಿಕೊಂಡರು. “ಜೇನಿಗೆ ಒಂದೇ ಬಾಣ, ನಮ್ಮನ್ನು ಚುಚ್ಚಿದ ಮೇಲೆ ಅದರ ಕೊಂಡಿ ಚರ್ಮದಲ್ಲೇ ಉಳಿದು ಅದು ಸಾಯುತ್ತದೆ. ಕಣಜದ ಕೊಂಡಿ ನುಣುಪು. ಒಂದೇ ಹುಳು ಮತ್ತೆ ಮತ್ತೆ ಚುಚ್ಚಬಲ್ಲದು. ಚುಚ್ಚಿದರೆ ಸೋಪಿನಿಂದ ತೊಳೆದು ತಣ್ಣೀರ ಬಟ್ಟೆ ಇಡಿ. ಮುಖ, ನಾಲಿಗೆ ಊದಿಕೊಂಡು ಉಸಿರು ಕಟ್ಟತೊಡಗಿದರೆ ಮಾತ್ರ ಸುಣ್ಣ, ಮಂತ್ರ ಎಂದು ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಅಂದಹಾಗೆ, ಇಂಥ ಕಣಜವನ್ನೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ಅವರು ದಶಕಗಳ ಕಾಲ ಕೂತು ನೋಡಿದ್ದಾರೆ, ಗೊತ್ತೇ? ಅದರ ರಾಣಿ ಬಲು ಸಾಧು, ಯಾರ ಮೇಲೂ ಹಾರಾಡುವುದಿಲ್ಲ. ಆದರೆ ಆಕೆಯನ್ನು ಗೂಡಿನಿಂದ ತೆಗೆದುಬಿಟ್ಟರೆ, ಅಲ್ಲಿಯವರೆಗೆ ದುಡಿಯುತ್ತಿದ್ದ ಒಂದು ಹೆಣ್ಣು ಎದ್ದು ಎಲ್ಲರ ಮೇಲೂ ಎರಗತೊಡಗುತ್ತದೆ. ಕೆಲವು ದಿನಗಳಲ್ಲಿ ಅದೇ ರಾಣಿಯಾಗಿ ಮೊಟ್ಟೆಯಿಡತೊಡಗಿದ ಮೇಲೆ, ಅದೂ ಸಾಧುವೇ.”

“ಅಂದರೆ ನಮ್ಮ ಸೊಸೈಟಿಯ ಚುನಾವಣೆ,” ಎಂದರು ಗೌಡರು. “ಕುರ್ಚಿ ಸಿಗುವ ತನಕ ಹಾರಾಟ, ಸಿಕ್ಕಿದ ಮೇಲೆ ಸಭೆಯಲ್ಲಿ ತೂಕಡಿಕೆ.”

ನಾನೂ ಸುಮ್ಮನೆ ಕುಳಿತವನಲ್ಲ. ಕಣಜಗಳು ಬೇರೆ ಗೂಡಿರುವಲ್ಲಿಗೆ ಬರುವುದಿಲ್ಲವೆಂದು ಯಾರೋ ಹೇಳಿದ್ದನ್ನು ನಂಬಿ, ಖಾಕಿ ಕಾಗದದ ಚೀಲಕ್ಕೆ ಹಳೆಯ ಪತ್ರಿಕೆ ತುರುಕಿ ಸುಳ್ಳು ಗೂಡೊಂದನ್ನು ಅದೇ ಸೂರಿಗೆ ಕಟ್ಟಿದ್ದೆ. ಈಗಿನ ಗೂಡು ಅದರಿಂದ ಒಂದು ಗೇಣು ದೂರದಲ್ಲಿದೆ. ಮರದ ನಾರನ್ನು ಕೆರೆದು ಜೊಲ್ಲಿನಲ್ಲಿ ಕಲಸಿ ಕಾಗದ ಮಾಡುವ ಹುಳುವಿಗೆ ನಾನು ಕಾಗದ ತೋರಿಸಿ ಹೆದರಿಸಲು ಹೊರಟಿದ್ದೆನಲ್ಲ!

ಕಷಾಯ ತಂದಿಟ್ಟ ಅತ್ತಿಗೆ ಆಗ ಬಾಯಿ ತೆರೆದರು. “ಬೆರಳ ತುದಿಯಷ್ಟಿದ್ದಾಗಲೇ ಹೇಳಿದ್ದೆ, ಕೋಲಿನಿಂದ ಕೆಡವಿ ಎಂದು. ಆಗ ಅಲ್ಲಿದ್ದದ್ದು ಎರಡೇ ಹುಳು. ಹಲಸಿನ ರಚ್ಚೆಯನ್ನು ಅಂಗಳದಲ್ಲಿ ಕೊಳೆಯಲು ಬಿಟ್ಟವರೂ ನೀವೇ. ಅದರ ಸಿಹಿಗೆ ಬರದೆ ಮತ್ತೇನು? ಆದರೂ ನನ್ನ ಹರಿವೆ ಸೊಪ್ಪಿಗೆ ಈ ಸಲ ಕಂಬಳಿಹುಳುವಿನ ಕಾಟ ಕಡಿಮೆ, ಅದನ್ನೂ ಹೇಳಿಬಿಡುತ್ತೇನೆ.”

ಮೇಷ್ಟರು ಇದೇ ಸಮಯಕ್ಕೆ ಕಾದಿದ್ದರು. ಕಣಜಗಳು ಮರಿಗಳಿಗೆಂದು ಹಿಡಿದೊಯ್ಯುವುದು ಆ ಹುಳುಗಳನ್ನೇ. ಗೋಡೆಗೆ ಮಣ್ಣಿನ ಮಡಕೆ ಮೆತ್ತುವ ಕುಂಬಾರ ಹುಳುವಂತೂ ತಾನಾಗಿ ಚುಚ್ಚಲು ಬರುವುದೇ ಅಪರೂಪ, ಅದನ್ನು ಅದರ ಪಾಡಿಗೆ ಬಿಡಬಹುದು. ಅಷ್ಟೇಕೆ, “ಬಿಚ್ಚಿ ನೋಡಿದರೆ ಬರೀ ಹುಳ” ಎಂದು ನಾವು ಬೈಯುವ ಅತ್ತಿಹಣ್ಣಿನೊಳಗಿನ ಪುಟ್ಟ ಜೀವಿಯೂ ಕಣಜದ ಬಂಧುವೇ, ಅದಿಲ್ಲದೆ ಅತ್ತಿಹಣ್ಣಿನಲ್ಲಿ ಬೀಜವೇ ಕಟ್ಟದು. ತೋಟದ ಮೂಲೆಯಲ್ಲಿದ್ದರೆ ಇರಲಿ. ಆದರೆ ತಲೆಗೆ ತಾಗುವ ಬಾಗಿಲಲ್ಲಿ ಅವುಗಳನ್ನು ಇಟ್ಟುಕೊಂಡು ಪುಣ್ಯ ಕಟ್ಟಿಕೊಳ್ಳುವುದು ಬೇಡವೆಂದು ಅವರೇ ತೀರ್ಪು ಕೊಟ್ಟರು.

ಕತ್ತಲಾಗಿ ಹುಳುಗಳೆಲ್ಲ ಗೂಡು ಸೇರಿದ ಮೇಲೆ, ಮೈತುಂಬ ಬಟ್ಟೆ ಸುತ್ತಿಕೊಂಡು ಬಂದು, ದಪ್ಪ ಚೀಲವನ್ನು ಗೂಡಿಗೆ ತೊಡಿಸಿ ತೊಟ್ಟು ಕತ್ತರಿಸುವುದಾಗಿ ಕೊನೆಗಾರ ಒಪ್ಪಿದ. ಮರದ ಪೊಟರೆಯ ಹೆಗ್ಗಣಜವಾಗಿದ್ದರೆ ತಾನೂ ಕೈಹಾಕುತ್ತಿರಲಿಲ್ಲವೆಂದ. ಅವನ ಷರತ್ತು ಒಂದೇ: “ಗೌಡರು ದೊಂದಿ ತರಬಾರದು.”

“ಹೆದರುಪುಕ್ಕಲರ ಊರು ಇದು,” ಎನ್ನುತ್ತ ಗೌಡರು ಕೈಕಾಲು ತೊಳೆಯಲು ಎದ್ದರು. ಬಚ್ಚಲಿನ ಬಾಗಿಲ ತನಕ ನಡೆದು, ಒಮ್ಮೆ ಸೂರನ್ನು ನೋಡಿ, ಮಳೆಯ ಒಂದು ಹನಿಯೂ ಇಲ್ಲದ ಆ ಸಂಜೆಯಲ್ಲಿ ಕೊಡೆ ಬಿಡಿಸಿಕೊಂಡು, ಅಂಗಳವನ್ನು ಸುತ್ತಿ ಬಾವಿಕಟ್ಟೆಗೆ ಹೋದರು.