ಹೊರಹಾಕಿದವರ ಹಾಡನ್ನೇ ಕೊನೆಯ ಆಲ್ಬಮ್‌ನಲ್ಲಿ ನುಡಿಸಿದ ಮಸ್ಟೇನ್: ಇದು ಗೌರವವೇ, ಹಳೆಯ ಲೆಕ್ಕವೇ?

ಆರುತಂತಿ (ಪ್ರಶ್ನೆ)

ಅಮೆರಿಕದ ಮೆಟಲ್ ಬ್ಯಾಂಡ್ ಮೆಗಾಡೆತ್‌ನ ಕೊನೆಯ ಆಲ್ಬಮ್ 2026ರ ಜನವರಿಯಲ್ಲಿ ಬಂತು. ಅದರಲ್ಲಿ ಬ್ಯಾಂಡ್ ಕಟ್ಟಿದ ಗಾಯಕ, ಗಿಟಾರ್ ವಾದಕ ಡೇವ್ ಮಸ್ಟೇನ್ ‘ರೈಡ್ ದ ಲೈಟ್ನಿಂಗ್’ ಹಾಡನ್ನು ಹೊಸದಾಗಿ ನುಡಿಸಿ ಸೇರಿಸಿದ್ದಾರೆ. ಅದು ಮೆಟಾಲಿಕಾ ಎಂಬ ಇನ್ನೊಂದು ಮೆಟಲ್ ಬ್ಯಾಂಡ್‌ನ ಎರಡನೆಯ ಆಲ್ಬಮ್‌ನ ಶೀರ್ಷಿಕೆ ಗೀತೆ. 1983ರಲ್ಲಿ ಮಸ್ಟೇನ್ ಅವರನ್ನು ಹೊರಗೆ ಕಳುಹಿಸಿದ್ದು ಇದೇ ಮೆಟಾಲಿಕಾ. ಆಮೇಲೆ ದಶಕಗಳ ಕಾಲ ಸಂದರ್ಶನ ಸಿಕ್ಕಲ್ಲೆಲ್ಲ ಅವರು ಆ ಗಾಯವನ್ನು ಕೆದಕುತ್ತಲೇ ಬಂದರು. ಈಗ, ತಮ್ಮ ವೃತ್ತಿ ಎಲ್ಲಿ ಶುರುವಾಯಿತೋ ಅಲ್ಲಿಗೆ ಗೌರವ ಸಲ್ಲಿಸುತ್ತಿದ್ದೇನೆ ಎನ್ನುತ್ತಾರೆ.

ನಾನು ಗಿಟಾರ್ ಕಲಿಯುತ್ತಿದ್ದೇನೆ, ಎರಡೂ ಬ್ಯಾಂಡ್‌ಗಳನ್ನು ಪ್ರೀತಿಸುತ್ತೇನೆ. ಅಭಿಮಾನಿಗಳು ಮಾತ್ರ ಒಂದು ಪಕ್ಷ ಹಿಡಿಯಲೇಬೇಕು ಎನ್ನುತ್ತಾರೆ. ಈ ಹಾಡು ನನ್ನದೂ ಹೌದು ಎಂದು ಹಕ್ಕು ಸಾಧಿಸಲು ಮಸ್ಟೇನ್ ಇದನ್ನು ನುಡಿಸಿದರೇ, ಅಥವಾ ಇದು ನಿಜವಾದ ಗೌರವವೇ? ಮೆಟಾಲಿಕಾದ ಕಡೆಯಿಂದಲೂ ಅವರಿಗೆ ಗೌರವ ಇದೆಯೇ? ಈ ಸಂಗೀತವನ್ನು ಬಹುಕಾಲದಿಂದ ಕೇಳುತ್ತಾ ಬಂದವರು ದಯವಿಟ್ಟು ಹೇಳಿ.

ಮಂದ್ರತಂತಿ

ಎರಡೂ ಹೌದು ಎಂಬುದು ನನ್ನ ಉತ್ತರ. ಬೆಲೆಯಿಲ್ಲದ ವಸ್ತುವಿನ ಮೇಲೆ ಯಾರೂ ನಲವತ್ತು ವರ್ಷ ಹಕ್ಕು ಹೂಡುವುದಿಲ್ಲ. ಮಸ್ಟೇನ್ ಆ ಹಾಡುಗಳಿಗಾಗಿ ಅಷ್ಟು ಜಗಳವಾಡಿದ್ದೇ, ಅವುಗಳನ್ನೂ ಅವುಗಳನ್ನು ತಮ್ಮ ಜೊತೆ ಕಟ್ಟಿದವರನ್ನೂ ಅವರು ಎಷ್ಟು ದೊಡ್ಡವೆಂದು ಬಗೆದಿದ್ದರು ಎಂಬುದಕ್ಕೆ ಸಾಕ್ಷಿ.

ನಡೆದದ್ದನ್ನು ಮೊದಲು ಹೇಳುತ್ತೇನೆ, ಏಕೆಂದರೆ ಪಕ್ಷ ಕಟ್ಟುವವರು ಇದನ್ನು ಅರ್ಧವೇ ಹೇಳುತ್ತಾರೆ. 1983ರ ಏಪ್ರಿಲ್‌ನಲ್ಲಿ ಮೆಟಾಲಿಕಾದ ನಾಲ್ವರು ಬಾಡಿಗೆ ಟ್ರಕ್‌ನಲ್ಲಿ ಸಾಮಾನು ತುಂಬಿಕೊಂಡು ಕ್ಯಾಲಿಫೋರ್ನಿಯಾದಿಂದ ನ್ಯೂಯಾರ್ಕ್‌ಗೆ ಹೋದರು, ಮೊದಲ ಆಲ್ಬಮ್‌ನ ಧ್ವನಿಮುದ್ರಣಕ್ಕಾಗಿ. ಎಲ್ಲರೂ ಕುಡಿಯುತ್ತಿದ್ದರು. ಆದರೆ ಕುಡಿದಾಗ ಉಳಿದವರು ನಗುತ್ತಿದ್ದರೆ ಮಸ್ಟೇನ್ ಕೈ ಎತ್ತುತ್ತಿದ್ದರು. ಹಿಂದಿನ ಬಾಸ್ ವಾದಕ ರಾನ್ ಮೆಕ್‌ಗವ್ನಿಯ ಬಾಸ್ ಗಿಟಾರ್ ಮೇಲೆ ಬಿಯರ್ ಸುರಿದು ಹಾಳುಮಾಡಿದ್ದೂ ಇವರೇ. ಏಪ್ರಿಲ್ 11ರ ಬೆಳಿಗ್ಗೆ ಅವರನ್ನು ನಿದ್ದೆಯಿಂದ ಎಬ್ಬಿಸಿ, ನೀನು ಇನ್ನು ಬ್ಯಾಂಡ್‌ನಲ್ಲಿಲ್ಲ ಎಂದು ಹೇಳಿ, ಕೈಗೆ ಬಸ್ ಟಿಕೆಟ್ ಕೊಟ್ಟರು. ಎಚ್ಚರಿಕೆ ಇಲ್ಲ, ಇನ್ನೊಂದು ಅವಕಾಶ ಇಲ್ಲ. ಅಮೆರಿಕದ ಒಂದು ಕರಾವಳಿಯಿಂದ ಇನ್ನೊಂದು ಕರಾವಳಿಗೆ ನಾಲ್ಕು ದಿನಗಳ ಬಸ್ ಪ್ರಯಾಣ. ಆ ಬಸ್ಸಿನಲ್ಲೇ ಒಂದು ಕರಪತ್ರದ ಹಿಂಬದಿಯಲ್ಲಿ ಅವರು ಸಾಲುಗಳನ್ನು ಬರೆಯತೊಡಗಿದರು. ಅಣ್ವಸ್ತ್ರಗಳ ಬಗ್ಗೆ ಆ ಕರಪತ್ರದಲ್ಲಿದ್ದ ಒಂದು ಮಾತಿನಿಂದ ಮೆಗಾಡೆತ್ ಎಂಬ ಹೆಸರು ಹುಟ್ಟಿತು.

ಇನ್ನು ನಿಮ್ಮ ಎರಡನೆಯ ಪ್ರಶ್ನೆ, ಮೆಟಾಲಿಕಾದ ಕಡೆಯಿಂದ ಗೌರವ ಇತ್ತೇ ಎಂಬುದು. ಆಲ್ಬಮ್‌ಗಳನ್ನು ಕೈಗೆತ್ತಿಕೊಂಡು, ಪ್ರತಿ ಹಾಡಿನ ಕೆಳಗೆ ರಚನೆಕಾರರ ಹೆಸರು ಓದಿ. ‘ಕಿಲ್ ಎಮ್ ಆಲ್’ ಬಂದದ್ದು 1983ರ ಜುಲೈ 25ರಂದು, ಮಸ್ಟೇನ್ ಹೊರಬಿದ್ದು ನಾಲ್ಕು ತಿಂಗಳೂ ತುಂಬಿರಲಿಲ್ಲ. ಅದರಲ್ಲಿ ‘ದ ಫೋರ್ ಹಾರ್ಸ್‌ಮೆನ್’, ‘ಜಂಪ್ ಇನ್ ದ ಫೈರ್’, ‘ಫ್ಯಾಂಟಮ್ ಲಾರ್ಡ್’, ‘ಮೆಟಲ್ ಮಿಲಿಷಿಯಾ’ ಎಂಬ ನಾಲ್ಕು ಹಾಡುಗಳ ಕೆಳಗೆ ಅವರ ಹೆಸರಿದೆ. ಮರುವರ್ಷದ ‘ರೈಡ್ ದ ಲೈಟ್ನಿಂಗ್’ ಆಲ್ಬಮ್‌ನಲ್ಲಿ ಮತ್ತೆ ಎರಡು: ಶೀರ್ಷಿಕೆ ಗೀತೆ ಮತ್ತು ಕೊನೆಯ ವಾದ್ಯಸಂಗೀತ ‘ದ ಕಾಲ್ ಆಫ್ ಕ್ತುಲು’. ಸ್ವಲ್ಪ ಯೋಚಿಸಿ. ಆ ಹೊತ್ತಿಗೆ ಬ್ಯಾಂಡ್‌ನಲ್ಲಿದ್ದ ಜೇಮ್ಸ್ ಹೆಟ್‌ಫೀಲ್ಡ್ (ಗಾಯನ, ಗಿಟಾರ್), ಕ್ಲಿಫ್ ಬರ್ಟನ್ (ಬಾಸ್), ಕರ್ಕ್ ಹ್ಯಾಮೆಟ್ (ಗಿಟಾರ್), ಲಾರ್ಸ್ ಉಲ್ರಿಚ್ (ಡ್ರಮ್ಸ್) ನಾಲ್ವರೂ ಬೇಕಾದಷ್ಟು ಹೊಸ ಹಾಡು ಕಟ್ಟಬಲ್ಲವರಾಗಿದ್ದರು. ಹೊರಹಾಕಿದವನ ರಿಫ್‌ಗಳನ್ನು (ಹಾಡಿನಲ್ಲಿ ಮರಳಿ ಮರಳಿ ಬರುವ ಗಿಟಾರ್ ತುಣುಕುಗಳನ್ನು) ಕಸದ ಬುಟ್ಟಿಗೆ ಹಾಕಿ ಮುಂದೆ ಹೋಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮಸ್ಟೇನ್ ಕೈ ಇದ್ದ ಹಾಡಿನ ಹೆಸರನ್ನೇ ಆಲ್ಬಮ್‌ಗೆ ಇಟ್ಟರು. ಮನುಷ್ಯನ ಜೊತೆ ಬದುಕಲಾಗಲಿಲ್ಲ, ಅವನ ಸಂಗೀತವನ್ನು ಬಿಟ್ಟು ಬದುಕಲೂ ಆಗಲಿಲ್ಲ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲ.

ಅವರ ಜಾಗಕ್ಕೆ ಬಂದ ಕರ್ಕ್ ಹ್ಯಾಮೆಟ್ ಹೇಳಿಕೊಂಡ ಒಂದು ವಿಷಯವೂ ಇದೆ. ಮೊದಲ ಆಲ್ಬಮ್‌ನ ಸೋಲೋಗಳಲ್ಲಿ, ಅಂದರೆ ಗಿಟಾರ್ ಒಂದೇ ಮುಂದೆ ಬಂದು ನುಡಿಯುವ ಭಾಗಗಳಲ್ಲಿ, ಅವರು ಮಸ್ಟೇನ್ ನುಡಿಸುತ್ತಿದ್ದ ಆರಂಭದ ಪಟ್ಟುಗಳನ್ನು ಇಟ್ಟುಕೊಂಡು, ಅಲ್ಲಿಂದ ಮುಂದೆ ತಮ್ಮ ದಾರಿ ಹಿಡಿದರಂತೆ. ಗಿಟಾರ್ ಕಲಿಯುವ ನಿಮಗೆ ಇದರ ಅರ್ಥ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಸ್ಟೇನ್‌ಗೆ ಇದು ಉರಿದಿರಬೇಕು, ಸಹಜ. ಆದರೆ ಅವರು ಬಾಗಿಲನ್ನು ಎಷ್ಟು ಚೆನ್ನಾಗಿ ತೆರೆದಿದ್ದರೆಂದರೆ ಬಂದವರು ಬೇರೆ ಬಾಗಿಲು ಕೊರೆಯಲು ಹೋಗಲಿಲ್ಲ.

ನಾನು ಬಾಸ್ ನುಡಿಸುವವನು, ನಾನಿದ್ದ ಬ್ಯಾಂಡ್ ಕೂಡ ಒಡೆಯಿತು. ನಮ್ಮ ಗಿಟಾರ್ ವಾದಕನೊಂದಿಗೆ ನನಗೆ ಇಂದಿಗೂ ಮಾತಿಲ್ಲ, ಮುಂದೆಯೂ ಬಹುಶಃ ಇರುವುದಿಲ್ಲ. ಆದರೆ ಯಾರಾದರೂ ಧ್ವನಿಮುದ್ರಣಕ್ಕೆ ಒಳ್ಳೆಯ ಗಿಟಾರ್ ವಾದಕ ಬೇಕು ಎಂದು ಕೇಳಿದರೆ ನಾನು ಮೊದಲು ಹೇಳುವುದು ಅವನ ಹೆಸರನ್ನೇ. ಅವನ ಬೆರಳು ಎಲ್ಲಿ ತಡೆಯುತ್ತದೆ, ಎಲ್ಲಿ ಓಡುತ್ತದೆ ಎಂಬುದನ್ನು ಕೇಳುತ್ತಾ ಕೇಳುತ್ತಾ ನಾನು ನುಡಿಸುವುದನ್ನು ಕಲಿತದ್ದು. ಅದನ್ನು ಸುಳ್ಳೆಂದರೆ ನನ್ನ ವಾದನವನ್ನೇ ಸುಳ್ಳೆಂದಂತೆ. ಆದ್ದರಿಂದ ಮಸ್ಟೇನ್ ಹೇಳುವುದನ್ನು ನಾನು ನಂಬುತ್ತೇನೆ.

ಜೋಡಿಪೆಡಲ್

ಮಂದ್ರತಂತಿಯವರ ಮಾತು ಹೃದಯದಿಂದ ಬಂದದ್ದು, ಆದರೆ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಹೆಸರು ಹಾಕಿದ್ದು ಕಾನೂನಿನ ಪ್ರಕಾರ ಹಾಕಲೇಬೇಕಾದ್ದು, ರಾಯಧನದ ವಿಷಯ. ಅದನ್ನು ಔದಾರ್ಯ ಎನ್ನಲಾಗದು.

2009ರ ಏಪ್ರಿಲ್‌ನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಮೆಟಾಲಿಕಾ ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಸೇರಿದಾಗ, 2001ರಲ್ಲೇ ಬ್ಯಾಂಡ್ ಬಿಟ್ಟಿದ್ದ ಬಾಸ್ ವಾದಕ ಜೇಸನ್ ನ್ಯೂಸ್ಟೆಡ್‌ಗೆ ಗೌರವ ಸಿಕ್ಕಿತು, ತೀರಿಕೊಂಡ ಕ್ಲಿಫ್ ಬರ್ಟನ್‌ಗೂ ಸಿಕ್ಕಿತು. ಮಸ್ಟೇನ್‌ಗೆ ಸಿಗಲಿಲ್ಲ. ಆಲ್ಬಮ್‌ನಲ್ಲಿ ನುಡಿಸಿದವರಿಗೆ ಮಾತ್ರ ಎಂಬುದು ನಿಯಮವಾದರೂ, ಪ್ರೇಕ್ಷಕರ ಸಾಲಿನಲ್ಲಿ ಕೂರಲು ಕರೆದದ್ದಕ್ಕೆ ಅವರು ಹೋಗಲಿಲ್ಲ. 2001ರಲ್ಲಿ ಉಲ್ರಿಚ್ ಮತ್ತು ಮಸ್ಟೇನ್ ಮಾತನಾಡಿದ್ದನ್ನು ಚಿತ್ರೀಕರಿಸಿ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’ ಸಾಕ್ಷ್ಯಚಿತ್ರದಲ್ಲಿ ಸೇರಿಸಿದರು. ತನ್ನನ್ನು ಹೊರಹಾಕುವ ಬದಲು ಕುಡಿತ ಬಿಡುವ ಚಿಕಿತ್ಸೆಗೆ ಕಳುಹಿಸಬಹುದಿತ್ತಲ್ಲ ಎಂದು ಅವರು ಅದರಲ್ಲಿ ಕಣ್ಣು ತುಂಬಿಕೊಂಡು ಕೇಳುತ್ತಾರೆ. ಆ ದೃಶ್ಯ ಬಳಸಿದ್ದಕ್ಕೂ ಅವರಿಗೆ ಕೋಪ ಬಂತು. 1982ರ ಡೆಮೊ (ಆಲ್ಬಮ್‌ಗೆ ಮುನ್ನ ಮಾಡಿದ ಮಾದರಿ ಧ್ವನಿಮುದ್ರಣ) ‘ನೋ ಲೈಫ್ ಟಿಲ್ ಲೆದರ್’ ಅನ್ನು ವಿಸ್ತರಿಸಿ ಹೊರತರುವ ಮಾತುಕತೆಯೂ ರಚನೆಕಾರರ ಹೆಸರಿನ ತಕರಾರಿನಿಂದಲೇ ಮುರಿದುಬಿತ್ತು ಎಂದು ಮಸ್ಟೇನ್ ಹೇಳಿದ್ದಾರೆ. ಇದರಲ್ಲಿ ಪರಸ್ಪರ ಗೌರವ ಎಲ್ಲಿದೆ? ವೇದಿಕೆಯ ಮೇಲಿನ ಅಪ್ಪುಗೆಗಳು ಟಿಕೆಟ್ ಮಾರಲು.

ಮಂದ್ರತಂತಿ

ಹೆಸರು ಹಾಕಲೇಬೇಕಿತ್ತು, ನಿಜ. ಹಾಡು ಬಳಸಲೇಬೇಕಿರಲಿಲ್ಲ, ನಾನು ಹೇಳಿದ್ದು ಅದನ್ನು. ಉಳಿದಂತೆ ನೀವು ಪಟ್ಟಿ ಮಾಡಿದ ಎಲ್ಲವೂ ನಡೆದದ್ದೇ. ಆದರೆ ಅವುಗಳಲ್ಲಿ ಹೆಚ್ಚಿನವು ಈ ಹಾಡಿನಲ್ಲಿ ಯಾರ ಪಾಲು ಎಷ್ಟು ಎಂಬ ದಾಯಾದಿ ಜಗಳ. ಪಾಲಿಗಾಗಿ ನ್ಯಾಯ ಹೂಡಿದ ಅಣ್ಣತಮ್ಮಂದಿರೂ ಮನೆತನದ ಹೆಸರನ್ನು ಮಾತ್ರ ಬಿಟ್ಟುಕೊಡುವುದಿಲ್ಲ. ಮಸ್ಟೇನ್ ಎಂದಾದರೂ ಆ ಹಾಡುಗಳು ಕಳಪೆ ಎಂದಿದ್ದಾರೆಯೇ?

ಟಿಕೆಟ್ ಮಾರಲು ಎಂದಿರಿ. 2010ರ ಜೂನ್ 22ರಂದು ಬಲ್ಗೇರಿಯಾದ ಸೋಫಿಯಾದಲ್ಲಿ ಮೆಟಾಲಿಕಾ, ಸ್ಲೇಯರ್, ಮೆಗಾಡೆತ್, ಆ್ಯಂಥ್ರಾಕ್ಸ್ ಎಂಬ ನಾಲ್ಕು ಮೆಟಲ್ ಬ್ಯಾಂಡ್‌ಗಳವರು ಸೇರಿ ಡೈಮಂಡ್ ಹೆಡ್ ಬ್ಯಾಂಡ್‌ನ ‘ಆ್ಯಮ್ ಐ ಈವಿಲ್’ ನುಡಿಸಿದ್ದು ಚಿತ್ರಮಂದಿರಗಳಲ್ಲೂ ಪ್ರಸಾರವಾಯಿತು, ಅದರ ಹಿಂದೆ ವ್ಯಾಪಾರವಿತ್ತು, ಒಪ್ಪೋಣ. ಆದರೆ 2011ರ ಡಿಸೆಂಬರ್ 10 ಹಾಗಲ್ಲ. ಮೆಟಾಲಿಕಾಗೆ 30 ವರ್ಷ ತುಂಬಿದಾಗ ಸ್ಯಾನ್ ಫ್ರಾನ್ಸಿಸ್ಕೊದ ಫಿಲ್ಮೋರ್ ಎಂಬ ಚಿಕ್ಕ ಸಭಾಂಗಣದಲ್ಲಿ, ಅಭಿಮಾನಿ ಸಂಘದ ಸದಸ್ಯರಿಗಾಗಿ, ನಾಲ್ಕು ರಾತ್ರಿ ಕಛೇರಿ ನಡೆಯಿತು. ಕೊನೆಯ ರಾತ್ರಿ ಮಸ್ಟೇನ್ ಬಂದು ‘ಫ್ಯಾಂಟಮ್ ಲಾರ್ಡ್’, ‘ಜಂಪ್ ಇನ್ ದ ಫೈರ್’, ‘ಮೆಟಲ್ ಮಿಲಿಷಿಯಾ’ ನುಡಿಸಿದರು. 28 ವರ್ಷಗಳ ನಂತರ ತನ್ನದೇ ಹಾಡು, ತನ್ನನ್ನು ಬಸ್ ಹತ್ತಿಸಿದವರ ಪಕ್ಕದಲ್ಲಿ ನಿಂತು. ಅಂಥ ಸಭೆಯಲ್ಲಿ ಲಾಭ ಏನಿರುತ್ತದೆ? ಮಸ್ಟೇನ್ ಮತ್ತು ಹೆಟ್‌ಫೀಲ್ಡ್ ಅಲ್ಲಿ ಮತ್ತೊಮ್ಮೆ ಒಟ್ಟಿಗೆ ಗಿಟಾರ್ ಹಿಡಿದದ್ದೇ ನನಗೆ ಮುಖ್ಯ.

ಯಾರೂ ನೋಡದಿರುವಾಗ ನಡೆದದ್ದನ್ನೂ ತೂಗಿ. 1986ರ ಸೆಪ್ಟೆಂಬರ್ 27ರಂದು ಸ್ವೀಡನ್‌ನಲ್ಲಿ ಮೆಟಾಲಿಕಾದ ಬಸ್ ಉರುಳಿ ಕ್ಲಿಫ್ ಬರ್ಟನ್ ತೀರಿಕೊಂಡರು. ಆ ಸುದ್ದಿ ಕೇಳಿ ಮಸ್ಟೇನ್ ಕೂತು ಸ್ವರ ಹಾಕಿದ್ದು ‘ಇನ್ ಮೈ ಡಾರ್ಕೆಸ್ಟ್ ಅವರ್’ ಹಾಡಿಗೆ. ಆಗ ಕೋಪ ಇನ್ನೂ ಹಸಿಯಾಗಿತ್ತು, ರಾಜಿಯ ಮಾತೇ ಇರಲಿಲ್ಲ. ಆದರೂ ದುಃಖ ಬಂದಾಗ ಹೊರಬಂದದ್ದು ಅವರ ಅತ್ಯುತ್ತಮ ಸಂಗೀತಗಳಲ್ಲಿ ಒಂದು. 2019ರಲ್ಲಿ ಮಸ್ಟೇನ್‌ಗೆ ಗಂಟಲ ಕ್ಯಾನ್ಸರ್ ಆದಾಗ ಹೆಟ್‌ಫೀಲ್ಡ್ ಸಂದೇಶ ಕಳುಹಿಸಿದರು. ಆ ಸಂದೇಶದ ಬಗ್ಗೆ ಮಸ್ಟೇನ್ ವೇದಿಕೆಯಿಂದಲೇ ಮಾತನಾಡಿ, ಯಾರು ಏನೇ ಹೇಳಲಿ, ನಮ್ಮಿಬ್ಬರ ನಡುವೆ ಪ್ರೀತಿಯಿದೆ ಎಂಬ ಅರ್ಥದ ಮಾತು ಹೇಳಿದರು. ಅದನ್ನು ನಾನು ಲೆಕ್ಕದಿಂದ ಬಿಡಲಾರೆ.

ಹಳೆಯ ರೆಕಾರ್ಡು

ನಡುವೆ ಬರುತ್ತಿದ್ದೇನೆ. ನನ್ನ ಪ್ರೀತಿ ಬ್ರಿಟನ್ನಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್, ಆದ್ದರಿಂದ ಈ ಚರ್ಚೆ ಓದುವಾಗ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು.

ಅದರ ಬಾಸ್ ವಾದಕ ರಾಜರ್ ವಾಟರ್ಸ್ 1985ರಲ್ಲಿ ಬ್ಯಾಂಡ್ ಬಿಟ್ಟರು. ತಾನಿಲ್ಲದೆ ಆ ಹೆಸರು ಬಳಸಬಾರದು ಎಂದು ನ್ಯಾಯಾಲಯದ ಮೊರೆ ಹೋದರು. 1987ರ ಕೊನೆಯಲ್ಲಿ ಒಪ್ಪಂದವಾಗಿ, ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ ಮತ್ತು ಡ್ರಮ್ಸ್ ವಾದಕ ನಿಕ್ ಮೇಸನ್ ಹೆಸರು ಉಳಿಸಿಕೊಂಡರು. ಆ ಮೊಕದ್ದಮೆ ತಪ್ಪಾಗಿತ್ತೆಂದು ವಾಟರ್ಸ್ ಅವರೇ ಬಹಳ ವರ್ಷಗಳ ನಂತರ ಒಪ್ಪಿಕೊಂಡರು. 2005ರ ಜುಲೈ 2ರಂದು ಲಂಡನ್‌ನ ಹೈಡ್ ಪಾರ್ಕ್‌ನಲ್ಲಿ, ಲೈವ್ 8 ಕಛೇರಿಯಲ್ಲಿ, ವಾಟರ್ಸ್, ಗಿಲ್ಮೋರ್ ಇಬ್ಬರೂ ಕೀಬೋರ್ಡ್ ವಾದಕ ರಿಚರ್ಡ್ ರೈಟ್ ಮತ್ತು ಮೇಸನ್ ಜೊತೆ ನುಡಿಸಿದರು. 2011ರ ಮೇ 12ರಂದು ವಾಟರ್ಸ್ ಅವರ ಲಂಡನ್ ಕಛೇರಿಯಲ್ಲಿ ಗಿಲ್ಮೋರ್ ವೇದಿಕೆಯಲ್ಲಿ ಕಟ್ಟಿದ್ದ ಗೋಡೆಯ ಮೇಲೆ ನಿಂತು ‘ಕಂಫರ್ಟಬ್ಲಿ ನಂಬ್’ ಸೋಲೋ ನುಡಿಸಿದಾಗ, ಇನ್ನೇನು ಎಲ್ಲ ಸರಿಹೋಯಿತು ಎಂದು ನಾನು ನಂಬಿದ್ದೆ. 2023ರಲ್ಲಿ ಮತ್ತೆ ಬಹಿರಂಗ ಜಗಳ. ಈ ಬಾರಿ ಅದರಲ್ಲಿ ರಾಜಕೀಯವೂ ಸೇರಿತ್ತು.

ಆದ್ದರಿಂದ ಒಟ್ಟಿಗೆ ಒಳ್ಳೆಯ ಸಂಗೀತ ಕಟ್ಟಿದವರಿಗೆಲ್ಲ ಗೌರವ ತಾನಾಗಿಯೇ ಉಳಿಯುತ್ತದೆ ಎಂದುಕೊಳ್ಳಬೇಡಿ. ಅದನ್ನು ಯಾರೋ ಒಬ್ಬರು ಹಟ ಹಿಡಿದು ಕಾಯಬೇಕು. ನಮ್ಮಲ್ಲಿ ಅದನ್ನು ಮಾಡಿದವರು ನಿಕ್ ಮೇಸನ್. ಇಬ್ಬರೊಂದಿಗೂ ಮಾತು ಬಿಡಲಿಲ್ಲ. 2019ರ ಏಪ್ರಿಲ್‌ನಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಹೊಸ ಬ್ಯಾಂಡ್‌ನ ಕಛೇರಿಗೆ ವಾಟರ್ಸ್ ಬಂದು ಒಂದು ಹಳೆಯ ಹಾಡನ್ನು ಹಾಡಿದರು. ಪಿಂಕ್ ಫ್ಲಾಯ್ಡ್‌ನಲ್ಲಿ ಅತಿ ಕಡಿಮೆ ಹೊಗಳಿಕೆ ಸಿಕ್ಕಿದ್ದು ಡ್ರಮ್ಸ್ ವಾದಕರಿಗೆ, ಅತಿ ಹೆಚ್ಚು ಹೊಗಳಬೇಕಾದದ್ದೂ ಅವರನ್ನೇ ಎಂದು ನನ್ನ ನಂಬಿಕೆ.

ಜೋಡಿಪೆಡಲ್

ಡ್ರಮ್ಸ್ ವಾದಕರ ಬಗ್ಗೆ ಒಳ್ಳೆಯ ಮಾತು ಹೇಳಿದ್ದಕ್ಕೆ ಧನ್ಯವಾದ. ಬರ್ಟನ್ ವಿಷಯವನ್ನು ನಾನು ಈ ದೃಷ್ಟಿಯಿಂದ ಯೋಚಿಸಿರಲಿಲ್ಲ. ಫಿಲ್ಮೋರ್‌ನ ಮಾತನ್ನೂ ಒಪ್ಪುತ್ತೇನೆ. ಹಾಲ್ ಆಫ್ ಫೇಮ್ ವಿಷಯದಲ್ಲಿ ಮಾತ್ರ ನನ್ನ ಸಿಟ್ಟು ಹಾಗೆಯೇ ಇದೆ. ಆ ವೇದಿಕೆಯಲ್ಲಿ ಮಸ್ಟೇನ್ ನಿಲ್ಲಬೇಕಿತ್ತು.

ಮಂದ್ರತಂತಿ

ಅದರಲ್ಲಿ ನಾನೂ ನಿಮ್ಮ ಕಡೆಗೇ. ನಿಯಮ ಏನೇ ಇರಲಿ, ಬ್ಯಾಂಡ್‌ನವರು ಹಟ ಹಿಡಿಯಬೇಕಿತ್ತು.

ಆರುತಂತಿ

ಎಲ್ಲರಿಗೂ ಧನ್ಯವಾದ. ಇಷ್ಟೊಂದು ಕೇಳಬೇಕಾದದ್ದು ಇದೆ ಎಂದು ಗೊತ್ತಿರಲಿಲ್ಲ. ಇನ್ನೊಂದೇ ಪ್ರಶ್ನೆ. ಮಸ್ಟೇನ್, ಹೆಟ್‌ಫೀಲ್ಡ್ ಇಬ್ಬರೂ ಪರಸ್ಪರ ಏನು ಪಡೆದರು ಎಂಬುದನ್ನು ವಾದನದಲ್ಲೇ ಕೇಳಬೇಕೆಂದರೆ ಯಾವುದರಿಂದ ಶುರುಮಾಡಲಿ?

ಮಂದ್ರತಂತಿ

ಮೊದಲು ಮೆಗಾಡೆತ್‌ನ 1985ರ ಮೊದಲ ಆಲ್ಬಮ್‌ನಿಂದ ‘ಮೆಕ್ಯಾನಿಕ್ಸ್’ ಕೇಳಿ. ಮಸ್ಟೇನ್ ಆ ಹಾಡನ್ನು ಮೆಟಾಲಿಕಾದಲ್ಲಿದ್ದಾಗಲೇ ನುಡಿಸುತ್ತಿದ್ದರು. ನಾಲ್ಕೂವರೆ ನಿಮಿಷದೊಳಗೆ ಮುಗಿಯುತ್ತದೆ, ಉಸಿರಾಡಲು ಬಿಡುವುದಿಲ್ಲ. ಅದರ ಹಿಂದೆಯೇ ‘ದ ಫೋರ್ ಹಾರ್ಸ್‌ಮೆನ್’ ಹಾಕಿ. ಅದೇ ಮೂಲ ರಿಫ್, ಆದರೆ ವೇಗ ತಗ್ಗಿದೆ, ಹೆಟ್‌ಫೀಲ್ಡ್ ಬರೆದ ಬೇರೆ ಸಾಹಿತ್ಯ ಬಂದಿದೆ, ನಡುವೆ ನಿಧಾನವಾದ ಒಂದು ಭಾಗ ಸೇರಿ ಹಾಡು ಏಳು ನಿಮಿಷ ದಾಟುತ್ತದೆ. ಯಾವುದು ಉತ್ತಮ ಎಂದು ತೀರ್ಮಾನಿಸಲು ಹೋಗಬೇಡಿ. ಎರಡನ್ನೂ ಗಿಟಾರ್ ಹಿಡಿದು ಕಲಿಯಿರಿ, ಮೊದಲು ನಿಧಾನವಾಗಿ, ತಾಳ ಹಿಡಿಯುವ ಮೆಟ್ರೊನೋಮ್ ಇಟ್ಟುಕೊಂಡು. ಹೆಟ್‌ಫೀಲ್ಡ್ ಅವರ ಬಲಗೈಯನ್ನು ಗಮನಿಸಿ, ತಂತಿ ಮೀಟುವ ಪ್ಲೆಕ್ಟ್ರಮ್ ಹೆಚ್ಚಾಗಿ ಕೆಳಮುಖವಾಗಿಯೇ ಹೊಡೆಯುತ್ತದೆ. ಮಸ್ಟೇನ್ ಅವರಲ್ಲಿ ಎಡಗೈಯನ್ನು ನೋಡಿ, ಬೆರಳುಗಳು ತಂತಿಯ ಮೇಲೆ ಜೇಡನಂತೆ ಹರಿಯುತ್ತವೆ.

ಅದಾದ ಮೇಲೆ ಎರಡೂ ‘ರೈಡ್ ದ ಲೈಟ್ನಿಂಗ್’‌ಗಳನ್ನು ಒಂದರ ಹಿಂದೊಂದು ಕೇಳಿ. ಕೇಳಿದ ಮೇಲೆ ಇಲ್ಲಿಗೇ ಬಂದು, ಯಾವ ಜಾಗದಲ್ಲಿ ಮಸ್ಟೇನ್ ಮೂಲವನ್ನು ಮುಟ್ಟದೆ ಬಿಟ್ಟಿದ್ದಾರೆ ಎಂದು ಬರೆಯಿರಿ. ನನಗೆ ಅದನ್ನು ಓದುವ ಆಸೆಯಿದೆ.